ಒಂದೇ ಆಟ, ಆರು ಡಬ್ಬಿ: ಪಟ್ಟಿಯಲ್ಲಿ ಇವು ಒಂದೋ, ಆರೋ?

ಹಳೆಡಿಸ್ಕ್ · ಶನಿವಾರ, ಬೆಳಿಗ್ಗೆ 7:40

ವರ್ಷಗಟ್ಟಲೆ ಕೂಡಿಹಾಕಿದ ಗೇಮ್ ಸಂಗೀತದ ಸಿಡಿಗಳಿಗೆಲ್ಲ ಒಂದು ಪಟ್ಟಿ ಮಾಡೋಣವೆಂದು ಕಳೆದ ವಾರ ಕುಳಿತೆ. ದಾವಣಗೆರೆಯ ಸೆಕೆಯಲ್ಲಿ ಫ್ಯಾನಿನ ಕೆಳಗೆ ನೆಲದ ತುಂಬ ಡಬ್ಬಿಗಳನ್ನು ಹರಡಿಕೊಂಡಿದ್ದೇನೆ. ಮನೆಯವರು ದಾಟಿಕೊಂಡು ಓಡಾಡುತ್ತಿದ್ದಾರೆ. ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ‘ಸಿ’ವರೆಗೆ ಬಂದು ಗಾಡಿ ನಿಂತಿದೆ. ಕಾರಣ, ಕ್ರೋನೊ ಟ್ರಿಗರ್ ಎಂಬ ಜಪಾನಿನ ವಿಡಿಯೊ ಗೇಮ್.

ನನ್ನ ಬಳಿ ಇರುವುದು ಇಷ್ಟು. 1995ರಲ್ಲಿ ಎನ್‌ಟಿಟಿ ಪಬ್ಲಿಷಿಂಗ್ ತಂದ ‘ಒರಿಜಿನಲ್ ಸೌಂಡ್ ವರ್ಷನ್’, ಮೂರು ಡಿಸ್ಕ್, 64 ಟ್ರ್ಯಾಕ್, ಸಂಖ್ಯೆ ಪಿಎಸ್‌ಸಿಎನ್-5021ರಿಂದ ಶುರು. ಅದರದೇ 2004ರ ಮರುಮುದ್ರಣ, ಸಂಖ್ಯೆ ಎನ್‌ಟಿಸಿಪಿ-5021. ಆಟ 1999ರಲ್ಲಿ ಪ್ಲೇಸ್ಟೇಷನ್‌ಗೆ ಬಂದಾಗ ಡಿಜಿಕ್ಯೂಬ್ ತಂದ, ಒಂದೇ ಡಿಸ್ಕಿನ ‘ಒರಿಜಿನಲ್ ಸೌಂಡ್‌ಟ್ರ್ಯಾಕ್’. ಕೈಯಲ್ಲಿ ಹಿಡಿದಾಡುವ ನಿಂಟೆಂಡೊ ಡಿಎಸ್ ಯಂತ್ರದ ಆವೃತ್ತಿಯ ನೆಪದಲ್ಲಿ 2009ರಲ್ಲಿ ಬಂದ, ಮೂರು ಸಿಡಿ ಮತ್ತು ಒಂದು ಡಿವಿಡಿಯ ಇನ್ನೊಂದು ‘ಒರಿಜಿನಲ್ ಸೌಂಡ್‌ಟ್ರ್ಯಾಕ್’. ಡಿಎಸ್ ಆಟವನ್ನು ಮುಂಗಡ ಕಾಯ್ದಿರಿಸಿದವರಿಗೆ ಕೊಟ್ಟ ಎರಡೇ ಟ್ರ್ಯಾಕಿನ ಆರ್ಕೆಸ್ಟ್ರಾ ಡಿಸ್ಕ್. ಕೊನೆಯದು ‘ದಿ ಬ್ರಿಂಕ್ ಆಫ್ ಟೈಮ್’. ಇದೇ ಮಟ್ಟುಗಳನ್ನು ಆಸಿಡ್ ಜಾಝ್ ಶೈಲಿಗೆ ತಂದದ್ದು, ಅದೂ 1995ರದ್ದೇ.

ಎಕ್ಸೆಲ್ ಹಾಳೆಯಲ್ಲಿ ಇದು ಒಂದು ಸಾಲೋ, ಆರು ಸಾಲೋ? ‘ಬಗೆ’ ಎಂಬ ಕಾಲಂನಲ್ಲಿ ಮೂಲ, ಮರುಮುದ್ರಣ, ಅರೇಂಜ್ (ಅದೇ ಮಟ್ಟನ್ನು ಹೊಸದಾಗಿ ಹೊಂದಿಸಿದ್ದು), ಬೋನಸ್, ಸೀಮಿತ ಆವೃತ್ತಿ ಎಂದು ಬರೆಯುತ್ತಿದ್ದೆ. ಈಗ ಒಂದೇ ಡಿಸ್ಕ್ ಎರಡು ಬಗೆಗೆ ಸೇರುತ್ತಿದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ನೀಲಿಕೇಬಲ್ · 7:58

ಇದರಲ್ಲಿ ತಲೆಕೆಡಿಸಿಕೊಳ್ಳುವುದೇನಿದೆ? ಕ್ಯಾಟಲಾಗ್ ಸಂಖ್ಯೆ ಬೇರೆಯಾದರೆ ಸಾಲು ಬೇರೆ. ಆರು ಸಂಖ್ಯೆ, ಆರು ಸಾಲು. ಮುಗಿಯಿತು.

ಸುಮ್ಮನೆ_ಕೇಳುವವ · 8:05

ಹಾಡು ಕೇಳುವುದಕ್ಕೋ, ಎಣಿಸುವುದಕ್ಕೋ?

ಫೇಡ್‌ಔಟ್ · 8:21

ನೀಲಿಕೇಬಲ್ ಅವರೇ, ಮುಗಿಯಲಿಲ್ಲ. ನಿಮ್ಮ ಲೆಕ್ಕದಲ್ಲಿ 1995ರ ಮುದ್ರಣಕ್ಕೂ 2004ರ ಮುದ್ರಣಕ್ಕೂ ಇರುವ ಅಂತರ, 1995ರ ಮುದ್ರಣಕ್ಕೂ ಬ್ರಿಂಕ್ ಆಫ್ ಟೈಮ್‌ಗೂ ಇರುವ ಅಂತರ, ಎರಡೂ ಒಂದೇ ಆಗಿಬಿಟ್ಟವು. ಮೊದಲನೆಯದು ಅದೇ ಸಂಗೀತ, ಹೊಸ ಅಂಗಿ. ಎರಡನೆಯದರಲ್ಲಿ ಬ್ಯಾಂಡ್ ಕೂತು ಬೇರೆಯೇ ನುಡಿಸಿದೆ. ಪಟ್ಟಿ ಇದನ್ನು ಹೇಳದಿದ್ದರೆ ಅದು ಪಟ್ಟಿಯಲ್ಲ, ಕಿರಾಣಿ ಚೀಟಿ.

ನನ್ನದು ಎರಡು ಹಂತದ ಪದ್ಧತಿ. ಮೇಲೆ ಆಲ್ಬಂ, ಅದರ ಕೆಳಗೆ ಮುದ್ರಣಗಳು. ಆಲ್ಬಂಗಳ ಮಾಹಿತಿ ಕೂಡಿಡುವ ಜಾಲತಾಣ ಮ್ಯೂಸಿಕ್‌ಬ್ರೇನ್ಸ್ ‘ರಿಲೀಸ್ ಗ್ರೂಪ್’ ಮತ್ತು ‘ರಿಲೀಸ್’ ಎಂದು ಬೇರ್ಪಡಿಸುವುದೂ, ಅಂಥದ್ದೇ ಇನ್ನೊಂದು ತಾಣ ಡಿಸ್ಕಾಗ್ಸ್‌ನ ‘ಮಾಸ್ಟರ್’ ಎಂಬುದೂ ಹೆಚ್ಚುಕಡಿಮೆ ಇದೇ. ಹಾಗೆ ನೋಡಿದರೆ ನಿಮ್ಮದು ಐದು ಆಲ್ಬಂ, ಆರು ಮುದ್ರಣ.

ಎಂಟುಬಿಟ್ · 8:34

ಐದು ಹೇಗೆ? 2009ರದ್ದರಲ್ಲಿ ಮುಖ್ಯವಾಗಿ ಇರುವುದು 1995ರ ಸಂಗೀತವೇ. ನಾಲ್ಕು ಎನ್ನಬೇಕು.

ಫೇಡ್‌ಔಟ್ · 8:36

ಮುಖ್ಯವಾಗಿ ಎನ್ನುತ್ತೀರಿ. ಪೂರ್ತಿ ಅದೇ ಅಲ್ಲವಲ್ಲ. ಹೆಚ್ಚುವರಿ ಟ್ರ್ಯಾಕುಗಳಿವೆ, ಡಿವಿಡಿ ಇದೆ. ಮನೆಗೆ ಇನ್ನೊಂದು ಮಹಡಿ ಕಟ್ಟಿದರೆ ಅದು ಅದೇ ಮನೆಯೋ?

ಎಂಟುಬಿಟ್ · 8:37

ಅದೇ ಮನೆ. ನಗರಪಾಲಿಕೆ ಖಾತೆ ಬದಲಾಯಿಸುವುದಿಲ್ಲ, ಕಂದಾಯ ಮಾತ್ರ ಏರಿಸುತ್ತದೆ.

ಮಂಗಳೂರು_ಮಳೆ · 9:10

ಏಳನೆಯದನ್ನು ಬಿಟ್ಟಿದ್ದೀರಿ ಮಾರಾಯರೇ. 2015ರಲ್ಲಿ ಸಂಯೋಜಕ ಮಿತ್ಸುದಾ ಅವರೇ ತಂದ ಅರೇಂಜ್ ಆಲ್ಬಂ ಇದೆ, ಕ್ರೋನೊ ಟ್ರಿಗರ್ ಮತ್ತು ಕ್ರೋನೊ ಕ್ರಾಸ್ ಎರಡೂ ಆಟಗಳದ್ದು. ಈಗ ಹೇಳಿ, ಅದು ಯಾವ ಆಟದ ಕೆಳಗೆ?

ಹಳೆಡಿಸ್ಕ್ · 9:14

ಸದ್ಯ ಅದು ನನ್ನ ಬಳಿ ಇಲ್ಲ. ದೇವರು ದೊಡ್ಡವನು.

ಟೋಕಿಯೊ_ಕನ್ನಡಿಗ · 9:52

ಇಲ್ಲಿ ಹಳೆಯ ಸಿಡಿ ಅಂಗಡಿಗಳಲ್ಲಿ ಅಲೆಯುವ ಚಟ ಇರುವುದರಿಂದ ಒಂದೆರಡು ಮಾತು. ಜಪಾನಿನ ಡಿಸ್ಕುಗಳ ಸಂಖ್ಯೆ ಬರೀ ಸಂಖ್ಯೆಯಲ್ಲ, ಓದಲು ಬಂದರೆ ಅರ್ಧ ಕಥೆ ಅದೇ ಹೇಳುತ್ತದೆ. 80ರ ದಶಕದಲ್ಲಿ ಆಲ್ಫಾ ಕಂಪನಿಯ ಜಿಎಂಒ ಲೇಬಲ್ ತಂದ ಗೇಮ್ ಸಿಡಿಗಳ ಮೇಲೆ 28ಎಕ್ಸ್‌ಎ ಎಂದು ಇರುತ್ತದೆ. ಅದರ 28 ಎಂದರೆ 2,800 ಯೆನ್. ಬೆಲೆಯೇ ಸಂಖ್ಯೆಯೊಳಗೆ ಕುಳಿತಿದೆ. ಫೈನಲ್ ಫ್ಯಾಂಟಸಿ 4 ಎಂಬ ಆಟದ 1991ರ ಆಲ್ಬಂ ಎನ್23ಡಿ-001. ಅದೇ ಆಲ್ಬಂ ಆಮೇಲೆ ಪಿಎಸ್‌ಸಿಎನ್-5014 ಆಯಿತು, ಮುಂದೆ ಎನ್‌ಟಿಸಿಪಿ-5014 ಆಯಿತು. ಕೊನೆಯ ನಾಲ್ಕು ಅಂಕಿ ಉಳಿದು ಮುಂದಿನ ಅಕ್ಷರ ಮಾತ್ರ ಬದಲಾಗಿದೆ ಎಂದರೆ ಹಳೆಯದರ ಮರುಮುದ್ರಣ ಎಂದು ಅವರೇ ಹೇಳಿದ ಹಾಗೆ. ನಿಮ್ಮ 5021ರದ್ದೂ ಅದೇ ಜಾಡು.

ಇನ್ನೊಂದು, ಡಬ್ಬಿಯ ಎಡಭಾಗಕ್ಕೆ ಸುತ್ತಿರುವ ಕಾಗದದ ಪಟ್ಟಿ. ಇದಕ್ಕೆ ಇಲ್ಲಿ ಓಬಿ ಎನ್ನುತ್ತಾರೆ. ಕಿಮೊನೊ ಮೇಲೆ ಸೊಂಟಕ್ಕೆ ಕಟ್ಟುವ ಪಟ್ಟಿಗೂ ಅದೇ ಹೆಸರು. ದಯವಿಟ್ಟು ಎಸೆಯಬೇಡಿ. ಬೆಲೆ ಇರುವುದು ಅದರ ಮೇಲೆಯೇ. ಜಪಾನಿನಲ್ಲಿ ಬಳಕೆ ತೆರಿಗೆ 1989ರ ಏಪ್ರಿಲ್‌ನಲ್ಲಿ ಶೇ. 3ಕ್ಕೆ ಶುರುವಾಗಿ, 1997ರ ಏಪ್ರಿಲ್‌ನಲ್ಲಿ ಶೇ. 5 ಆಯಿತು. 3,000 ಯೆನ್‌ನ ಡಿಸ್ಕಿನ ಮೇಲೆ 3,090 ಎಂದಿದ್ದರೆ ಒಂದು ಕಾಲ, 3,150 ಎಂದಿದ್ದರೆ ಇನ್ನೊಂದು ಕಾಲ. ಸಂಗೀತ, ಸಂಖ್ಯೆ ಎರಡೂ ಅವೇ ಆಗಿದ್ದರೂ ಯಾವ ಕಂತಿನ ಪ್ರತಿ ಎಂಬುದು ಹೀಗೆ ಹೊರಬೀಳುತ್ತದೆ.

ಮಂಗಳೂರು_ಮಳೆ · 10:03

ಸೊಂಟಪಟ್ಟಿಗೆ ನಮ್ಮಲ್ಲಿ ಡಾಬು ಎಂಬ ಚಂದದ ಮಾತಿದೆ. ಇನ್ನು ಮುಂದೆ ಡಾಬು ಎಂದೇ ಕರೆಯೋಣ.

ಎಂಟುಬಿಟ್ · 10:07

ನನ್ನ ಒಂದು ಡಾಬು ಪಂಚಾಂಗದೊಳಗೆ ಸಿಕ್ಕಿತು. ಅಮ್ಮ ಏಕಾದಶಿಯ ಗುರುತಿಗೆ ಇಟ್ಟುಕೊಂಡಿದ್ದರು. ಹಿಂದಿರುಗಿಸಿ ಎಂದು ಕೇಳಿದ್ದಕ್ಕೆ, “ಸಿಡಿ ಹಾಳಾಗಿಲ್ಲವಲ್ಲ, ಅದರ ಹೊದಿಕೆಗೇಕೆ ಇಷ್ಟು ಗೋಳು” ಎಂದರು. ತೆರಿಗೆಯ ಕಥೆ ಹೇಳಿದ್ದರೆ ಏನನ್ನುತ್ತಿದ್ದರೋ!

ಸುಮ್ಮನೆ_ಕೇಳುವವ · 10:09

ನಿಮ್ಮ ತಾಯಿಯವರನ್ನು ಈ ವೇದಿಕೆಗೆ ಸೇರಿಸಿ. ನನಗೊಬ್ಬರು ಜೊತೆ ಸಿಕ್ಕಂತಾಗುತ್ತದೆ.

ವೀಣೆಶೇಷ · 11:30

ಡಬ್ಬಿಯ ಹೊರಗಿನ ಲೆಕ್ಕವೇ ನಡೆದಿದೆ, ಒಳಗಿನದನ್ನು ಯಾರೂ ಮುಟ್ಟಲಿಲ್ಲ. ‘ಮೂಲ’ ಎಂದರೆ ಏನು ಎಂಬುದೇ ಮೊದಲು ಇತ್ಯರ್ಥವಾಗಬೇಕು.

ಡ್ರ್ಯಾಗನ್ ಕ್ವೆಸ್ಟ್ 5ನ್ನು ತೆಗೆದುಕೊಳ್ಳಿ. ಸೂಪರ್ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ಎಂಟು ಚಾನೆಲ್‌ಗಳಿಂದ, ಅಂದರೆ ಒಟ್ಟಿಗೆ ನುಡಿಯಬಲ್ಲ ಎಂಟು ಧ್ವನಿಗಳಿಂದ, ಹೊರಡುವುದು ಒಂದು. ಅದನ್ನೇ ಸಂಯೋಜಕ ಸುಗಿಯಾಮಾ ಸಿಂಫನಿಗೆ ಅಳವಡಿಸಿದ್ದು ಇನ್ನೊಂದು. ಆ ಸಿಂಫನಿಯನ್ನು ಎನ್‌ಎಚ್‌ಕೆ ವಾದ್ಯವೃಂದ ನುಡಿಸಿದೆ, ಲಂಡನ್ ಫಿಲ್‌ಹಾರ್ಮೋನಿಕ್ ನುಡಿಸಿದೆ, ಟೋಕಿಯೊ ಮೆಟ್ರೊಪಾಲಿಟನ್ ನುಡಿಸಿದೆ. ಸ್ವರಲಿಪಿ ಒಂದು, ಧ್ವನಿಮುದ್ರಣ ಮೂರು. ಒಂದೇ ಕೀರ್ತನೆಯನ್ನು ಮೂವರು ವಿದ್ವಾಂಸರು ಹಾಡಿದರೆ ಮರುಮುದ್ರಣ ಎನ್ನುತ್ತೇವೆಯೇ? ಇಲ್ಲ. ಹಾಗೆಂದು ಮೂರು ಬೇರೆ ಕೀರ್ತನೆ ಎಂದೂ ಹೇಳುವುದಿಲ್ಲ. ನಿಮ್ಮ ಎರಡು ಹಂತ ಇಲ್ಲಿ ಸಾಲುವುದಿಲ್ಲ, ಫೇಡ್‌ಔಟ್ ಅವರೇ.

ಫೇಡ್‌ಔಟ್ · 11:41

ಒಪ್ಪಿದೆ. ಮೂರನೆಯ ಹಂತ ಬೇಕು. ಆದರೆ ವಾದ್ಯವೃಂದದ ಆಲ್ಬಂಗಳಿಗೆ ಮಾತ್ರ.

ಎಂಟುಬಿಟ್ · 11:55

ಮಾತ್ರವೇ? ಚಿಪ್ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ತಂಟೆಗಳಿವೆ. ಕ್ಯಾಸಲ್‌ವೇನಿಯಾ 3 ಎಂಬ ಆಟವನ್ನು ನೋಡಿ. ಜಪಾನಿನಲ್ಲಿ 1989ರಲ್ಲಿ ಬಂದ ಕಾರ್ಟ್ರಿಜ್‌ನೊಳಗೆ ಕೊನಾಮಿ ತನ್ನದೇ ವಿಆರ್‌ಸಿ6 ಎಂಬ ಚಿಪ್ ಕೂರಿಸಿತ್ತು. ಫ್ಯಾಮಿಕಾಮ್ ಯಂತ್ರದ ಐದು ಚಾನೆಲ್‌ಗಳ ಮೇಲೆ ಚಿಪ್ಪಿನ ಮೂರು (ಎರಡು ಪಲ್ಸ್, ಒಂದು ಸಾಟೂತ್ ಎಂಬ ಗರಗಸದ ಹಲ್ಲಿನಂಥ ಅಲೆ) ಸೇರಿ ಎಂಟು. ಅದೇ ಯಂತ್ರದ ಹೊರದೇಶಗಳ ರೂಪವಾದ ಎನ್‌ಇಎಸ್‌ನಲ್ಲಿ ಕಾರ್ಟ್ರಿಜ್‌ನ ಧ್ವನಿ ಬೆರೆಯಲು ಏರ್ಪಾಡೇ ಇರಲಿಲ್ಲ. ಆದ್ದರಿಂದ ಅಲ್ಲಿಗೆ ಹೋಗುವಾಗ ಸಂಗೀತವನ್ನು ಐದಕ್ಕೆ ಇಳಿಸಿದರು. ಮೊದಲ ಹಂತದ ಮಟ್ಟನ್ನೇ ಎರಡರಲ್ಲೂ ಹಾಕಿ ಕೇಳಿ, ಜಪಾನಿನದರಲ್ಲಿ ಕೆಳಸ್ವರ ಗರಗಸ ಎಳೆದಂತೆ ಗರಗರ ಎನ್ನುತ್ತದೆ, ಅಮೆರಿಕದ್ದರಲ್ಲಿ ಆ ಜಾಗ ತೆಳ್ಳಗಿದೆ. ಇಲ್ಲಿ ಯಾರೂ ‘ಅರೇಂಜ್’ ಮಾಡಲು ಕುಳಿತದ್ದಲ್ಲ, ಯಂತ್ರ ಮಾಡಿಸಿದ್ದು. ಇದು ಯಾವ ಬಗೆ?

ನೀಲಿಕೇಬಲ್ · 11:58

ಅಮೆರಿಕದ್ದು ಎಂದು ಬರೆದು ಪಕ್ಕಕ್ಕೆ ಇಡಿ.

ಎಂಟುಬಿಟ್ · 12:02

ಹಾಗಾದರೆ ಸಾನಿಕ್ ಸಿಡಿಗೆ ಏನು ಮಾಡುತ್ತೀರಿ? 1993ರ ಆಟ. ಜಪಾನ್ ಮತ್ತು ಯುರೋಪಿಗೆ ಹತಾಯಾ ಮತ್ತು ಒಗಾತಾ ಅವರ ಸಂಗೀತ. ಅಮೆರಿಕಕ್ಕೆ ಸ್ಪೆನ್ಸರ್ ನಿಲ್ಸನ್ ತಂಡದ, ಬಹುಮಟ್ಟಿಗೆ ಬೇರೆಯೇ ಸಂಗೀತ. ಓಡುವ ನೀಲಿ ಮುಳ್ಳುಹಂದಿ ಒಂದೇ, ಹಿನ್ನೆಲೆಯ ಹಾಡು ಎರಡು. 2011ರ ಮರುಬಿಡುಗಡೆಯಲ್ಲಿ ಎರಡನ್ನೂ ಇಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದರು. ಎರಡಕ್ಕೂ ‘ಮೂಲ’ ಎಂಬ ಹೆಸರು ಸಲ್ಲುತ್ತದೆ, ಆದರೆ ಒಂದು ಇನ್ನೊಂದರ ಆವೃತ್ತಿಯಲ್ಲ.

ಮಂಗಳೂರು_ಮಳೆ · 12:20

ಅಮೆರಿಕದ್ದೇ ಚಂದ.

ಎಂಟುಬಿಟ್ · 12:20

ಇಲ್ಲ.

ವೀಣೆಶೇಷ · 12:21

ಇಲ್ಲ.

ಮಂಗಳೂರು_ಮಳೆ · 12:24

ಕೇಳುವ ಕಿವಿ ಬೇಕು ಎಂದು ಬಿಡುತ್ತೇನೆ. ಊಟಕ್ಕೆ ಹೊರಟೆ.

ಗ್ರಂಥಪಾಲಕಿ · ಮಧ್ಯಾಹ್ನ 2:45

ಧಾರವಾಡದ ಒಂದು ಕಾಲೇಜಿನಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಗೇಮ್ ಆಡುವುದು ಮಗ, ಈ ಎಳೆಯನ್ನು ತೋರಿಸಿದವನೂ ಅವನೇ. ಬೆಳಿಗ್ಗೆಯಿಂದ ಓದಿ ನಗು ಬಂತು, ಏಕೆಂದರೆ ನಮ್ಮ ವೃತ್ತಿಯವರು ಇದೇ ಜಗಳವನ್ನು ಪುಸ್ತಕಗಳ ಮೇಲೆ ತಲೆಮಾರುಗಟ್ಟಲೆ ಆಡಿದ್ದಾರೆ.

ಹಳೆಡಿಸ್ಕ್ ಅವರೇ, ನಿಮ್ಮ ತೊಂದರೆ ಇರುವುದು ‘ಬಗೆ’ ಎಂಬ ಆ ಒಂದೇ ಕಾಲಂನಲ್ಲಿ. ಅರೇಂಜ್ ಎಂಬುದು ಸಂಗೀತದ ಬಗ್ಗೆ ಹೇಳುವ ಮಾತು. ಮರುಮುದ್ರಣ ಎಂಬುದು ಅಚ್ಚಿನ ಬಗ್ಗೆ. ಬೋನಸ್ ಎಂಬುದು ಅದು ನಿಮ್ಮ ಕೈಗೆ ಬಂದ ದಾರಿಯ ಬಗ್ಗೆ. ಸೀಮಿತ ಆವೃತ್ತಿ ಎಂಬುದು ಪೆಟ್ಟಿಗೆಯ ಬಗ್ಗೆ. ನಾಲ್ಕು ಪ್ರಶ್ನೆಗಳ ಉತ್ತರವನ್ನು ಒಂದೇ ಗೂಡಿಗೆ ತುರುಕಿದ್ದೀರಿ. ನಿಮ್ಮ ಎರಡು ಟ್ರ್ಯಾಕಿನ ಡಿಸ್ಕ್ ಅರೇಂಜ್ ಕೂಡ ಹೌದು, ಬೋನಸ್ ಕೂಡ ಹೌದು. ಅದರಲ್ಲಿ ವಿರೋಧವೇನೂ ಇಲ್ಲ, ಗೂಡು ಒಂದೇ ಇರುವುದರಿಂದ ಹಾಗೆ ಕಾಣುತ್ತದೆ.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಪುಸ್ತಕ ವಿಂಗಡಿಸುವ ಕೋಲನ್ ವರ್ಗೀಕರಣ ಪ್ರಕಟಿಸಿದ್ದು ಇಂಥದ್ದೇ ತೊಡಕಿಗೆ. ಆಗ ಚಾಲ್ತಿಯಲ್ಲಿದ್ದ ಪದ್ಧತಿಗಳಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಒಂದು ಗೂಡು ಕಟ್ಟಿಡಬೇಕು. ಹೊಸ ವಿಷಯ ಬಂದರೆ ಗೂಡಿಲ್ಲ. ಇವರು ವಿಷಯವನ್ನು ಮುಖಗಳಾಗಿ ಬಿಡಿಸಿ, ಬೇಕಾದ ಹಾಗೆ ಜೋಡಿಸಿ, ನಡುವೆ ಕೋಲನ್ ಚಿಹ್ನೆ ಇಟ್ಟರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯ ತುಂಡುಗಳಿಂದ ಬೇರೆ ಬೇರೆ ಆಕೃತಿ ಕಟ್ಟುವುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ. ಆಟದ ಸಾಮಾನಿನಿಂದ ಹುಟ್ಟಿದ ಪದ್ಧತಿ ಆಟದ ಸಂಗೀತಕ್ಕೆ ಒದಗುವುದಾದರೆ ಬೇಡವೆನ್ನಬೇಡಿ.

ವೀಣೆಶೇಷ ಅವರು ಹೇಳಿದ ಹಂತಗಳಿಗೂ ನಮ್ಮಲ್ಲಿ ಹೆಸರಿವೆ. ಗ್ರಂಥಾಲಯಗಳ ಅಂತಾರಾಷ್ಟ್ರೀಯ ಒಕ್ಕೂಟದ 1998ರ ವರದಿ ನಾಲ್ಕನ್ನು ಗುರುತಿಸಿತು. ಕೃತಿ, ಅದರ ಒಂದು ಅಭಿವ್ಯಕ್ತಿ, ಆ ಅಭಿವ್ಯಕ್ತಿಯ ಒಂದು ಪ್ರಕಟಣೆ, ಕೊನೆಗೆ ನಿಮ್ಮ ಕೈಯಲ್ಲಿರುವ ಆ ಒಂದು ಪ್ರತಿ. ಸುಗಿಯಾಮಾ ಬರೆದದ್ದು ಕೃತಿ, ಲಂಡನ್ನಿನವರು ನುಡಿಸಿದ್ದು ಅಭಿವ್ಯಕ್ತಿ, ಅಂಗಡಿಗೆ ಬಂದ ಸಿಡಿ ಪ್ರಕಟಣೆ. ಏಕಾದಶಿಗೆ ಡಾಬು ಕಳೆದುಕೊಂಡದ್ದು ಪ್ರತಿ.

ಟೋಕಿಯೊ_ಕನ್ನಡಿಗ · 3:02

ಮೇಡಂ, ಈ ಎಳೆಯ ಅತ್ಯುತ್ತಮ ಸಾಲು ಅದು.

ವೀಣೆಶೇಷ · 3:10

ರಂಗನಾಥನ್ ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲೇ ಕಳೆದವಲ್ಲವೇ? ಅವರು ಕಟ್ಟಿದ ಸಂಸ್ಥೆಯೂ ಅಲ್ಲೇ ಇದೆ ಎಂದು ನೆನಪು.

ಗ್ರಂಥಪಾಲಕಿ · 3:15

ಹೌದು, ಡಿಆರ್‌ಟಿಸಿ, ಅಂದರೆ ಡಾಕ್ಯುಮೆಂಟೇಶನ್ ರಿಸರ್ಚ್ ಆ್ಯಂಡ್ ಟ್ರೈನಿಂಗ್ ಸೆಂಟರ್. 1962ರಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಶುರುವಾಯಿತು. ಮೂಲತಃ ಅವರು ಗಣಿತದ ಮೇಷ್ಟರು.

ನೀಲಿಕೇಬಲ್ · 3:31

ಎಲ್ಲ ಚೆನ್ನ. ಆದರೆ 40 ಸಿಡಿ ಇರುವ ಮನುಷ್ಯನಿಗೆ ನಾಲ್ಕು ಹಂತ, ಐದು ಮುಖ ಕೊಟ್ಟರೆ ಅವನು ಸಿಡಿಗಳನ್ನು ಮಾರಿ ನೆಮ್ಮದಿಯಾಗಿರುತ್ತಾನೆ.

ಹಳೆಡಿಸ್ಕ್ · 3:33

212. ಮಾರುವುದಿಲ್ಲ.

ಫೇಡ್‌ಔಟ್ · 3:50

ಗ್ರಂಥಪಾಲಕಿ ಅವರ ಮಾತಿಗೆ ಒಂದು ಪರೀಕ್ಷೆ ಒಡ್ಡುತ್ತೇನೆ. ಫೈನಲ್ ಫ್ಯಾಂಟಸಿ 7ರ ‘ರಿಯೂನಿಯನ್ ಟ್ರ್ಯಾಕ್ಸ್’, 1997. ಒಟ್ಟು 19 ಟ್ರ್ಯಾಕ್. 16 ಟ್ರ್ಯಾಕ್ ಆಟದೊಳಗಿನ ಸಂಗೀತವೇ, ಅದೇ ವರ್ಷ ಫೆಬ್ರುವರಿಯಲ್ಲಿ ಬಂದ ನಾಲ್ಕು ಡಿಸ್ಕಿನ ಆಲ್ಬಂನಿಂದ ಆರಿಸಿದ್ದು. ಉಳಿದ ಮೂರು ಹಮಾಗುಚಿ ಎಂಬುವರು ಆರ್ಕೆಸ್ಟ್ರಾಕ್ಕೆ ಹೊಂದಿಸಿದ್ದು. ‘ಸಂಗೀತ’ ಎಂಬ ಮುಖದಲ್ಲಿ ಮೂಲ ಎಂದು ಬರೆಯಲೋ, ಅರೇಂಜ್ ಎಂದೋ?

ಮಂಗಳೂರು_ಮಳೆ · 3:54

ಅದು ಸುಮ್ಮನೆ ಮರುಮುದ್ರಣ ಅಲ್ಲವೇ?

ಫೇಡ್‌ಔಟ್ · 3:55

ಅಲ್ಲ. ಪೂರ್ತಿ ಆಲ್ಬಂ 85 ಟ್ರ್ಯಾಕಿನದು. ಅದರ ಮರುಮುದ್ರಣ ಸ್ಕ್ವೇರ್ ಎನಿಕ್ಸ್‌ನಿಂದ 2004ರಲ್ಲಿ ಬಂತು. ಮೊದಲು ಅದನ್ನು ತಂದಿದ್ದ ಡಿಜಿಕ್ಯೂಬ್ 2003ರಲ್ಲಿ ದಿವಾಳಿಯಾದ ಮೇಲೆ.

ಗ್ರಂಥಪಾಲಕಿ · 4:20

ಎರಡನ್ನೂ ಬರೆಯಿರಿ. ಒಂದು ಮುಖಕ್ಕೆ ಒಂದೇ ಉತ್ತರ ಇರಬೇಕೆಂದು ಯಾರು ಹೇಳಿದರು? ಕಥೆ, ಕವಿತೆ, ಪ್ರಬಂಧ ಮೂರೂ ಇರುವ ವಿಶೇಷಾಂಕವನ್ನು ನಾವು ಹರಿದು ಮೂರು ಕಪಾಟಿನಲ್ಲಿ ಇಡುವುದಿಲ್ಲ. ಅದೂ ಸಾಲದು ಎನಿಸಿದರೆ ಆಲ್ಬಂ ಮಟ್ಟದಲ್ಲಿ ಬಿಟ್ಟು ಟ್ರ್ಯಾಕ್ ಮಟ್ಟದಲ್ಲಿ ಗುರುತು ಹಾಕಬೇಕು.

ಎಂಟುಬಿಟ್ · 4:28

ಟ್ರ್ಯಾಕ್ ಮಟ್ಟ! ಅಲ್ಲಿಗೆ ಹೋದರೆ ಲೂಪ್ ಸಮಸ್ಯೆ ಎದುರಾಗುತ್ತದೆ. ಆಟದೊಳಗಿನ ಹಾಡಿಗೆ ಕೊನೆಯೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಸಿಡಿಗೆ ಹಾಕುವಾಗ ಎರಡು ಸುತ್ತು ಬಿಟ್ಟು ಧ್ವನಿಯನ್ನು ಮೆಲ್ಲಗೆ ಇಳಿಸುತ್ತಾರೆ, ಅದೇ ಫೇಡ್‌ಔಟ್. ಇನ್ನೊಬ್ಬ ಪ್ರಕಾಶಕ ಒಂದೇ ಸುತ್ತಿಗೆ ನಿಲ್ಲಿಸಿದರೆ ಮೂರು ನಿಮಿಷದ್ದು ಒಂದೂವರೆ ಆಗುತ್ತದೆ. ಒಂದು ಸ್ವರವೂ ಬದಲಾಗಿಲ್ಲ, ಆದರೆ ಅವಧಿ ಅರ್ಧ. ಬೇರೆ ಆವೃತ್ತಿಯೋ?

ಸುಮ್ಮನೆ_ಕೇಳುವವ · 4:30

ಎರಡು ಸಲ ಹಾಕಿಕೊಂಡು ಕೇಳಿ.

ಫೇಡ್‌ಔಟ್ · 4:33

ನನ್ನ ಬಳಕೆಯ ಹೆಸರು ನೋಡಿಯೂ ಈ ಪ್ರಶ್ನೆಯನ್ನು ನನ್ನ ಮುಂದೆ ಕೇಳುತ್ತೀರಲ್ಲ. ಬೇರೆ ಆವೃತ್ತಿಯೇ. ಆಟದಲ್ಲಿ ಇಲ್ಲದ ಅಂತ್ಯವನ್ನು ಒಬ್ಬ ಮನುಷ್ಯ ಕೂತು ತೀರ್ಮಾನಿಸಿದ್ದಾನೆ, ಯಾವ ಕ್ಷಣದಿಂದ ಇಳಿಸಬೇಕೆಂದು. ಅದು ಸಂಪಾದಕನ ಕೆಲಸ, ಅದಕ್ಕೆ ಲೆಕ್ಕ ಸಿಗಬೇಕು.

ನೀಲಿಕೇಬಲ್ · 4:35

ಈ ವೇದಿಕೆಯವರಿಗೆ ಶನಿವಾರ ಕೆಲಸವಿರುವುದಿಲ್ಲ ಎಂಬುದು ಖಾತ್ರಿಯಾಯಿತು.

ಮಂಗಳೂರು_ಮಳೆ · ಸಂಜೆ 6:12

ನಕಲಿಗಳಿಗೆ ಯಾವ ಕಾಲಂ? ನನ್ನದೊಂದು ದುಃಖದ ಕಥೆ ಇದೆ. ಅಂತರ್ಜಾಲದಲ್ಲಿ ಒಬ್ಬರಿಂದ ಫೈನಲ್ ಫ್ಯಾಂಟಸಿ 6ರ ಮೂರು ಡಿಸ್ಕಿನ ಆಲ್ಬಂ ತರಿಸಿದೆ. ಬೆಲೆ ಒಳ್ಳೆಯದಿತ್ತು, ಅಲ್ಲೇ ಎಚ್ಚರವಾಗಬೇಕಿತ್ತು. ಚಿತ್ರ ಚೆನ್ನಾಗಿದೆ, ಡಾಬು ಕೂಡ ಇದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಡಾಬು ಹಿಡಿದು ನೋಡುತ್ತೇನೆ, ಯೆನ್ ಬೆಲೆಯೇ ಇಲ್ಲ. ಡಿಸ್ಕನ್ನು ಓರೆ ಮಾಡಿ, ನಡುವಿನ ತೂತಿನ ಸುತ್ತ ಇರುವ ಉಂಗುರ ನೋಡಿದೆ. ಯಾವ ಕಾರ್ಖಾನೆಯದೆಂದು ತಿಳಿಸುವ ಸಂಕೇತದ ಜೊತೆ ಐಎಫ್‌ಪಿಐ ಎಂಬ ಸಣ್ಣ ಅಕ್ಷರ ಇರುತ್ತದೆಂದು ಕೇಳಿದ್ದೆ, ಅದೂ ಇಲ್ಲ. ನಕಲಿ ಎಂದು ಅಲ್ಲೇ ತೀರ್ಮಾನಿಸಿದೆ.

ಟೋಕಿಯೊ_ಕನ್ನಡಿಗ · 6:30

ನಿಮ್ಮದು ನಕಲಿಯೇ ಇರಬಹುದು, ಬೆಲೆಯಿಲ್ಲದ ಓಬಿ ಕೆಟ್ಟ ಲಕ್ಷಣ. ಆದರೆ ಉಂಗುರದ ಸಾಕ್ಷ್ಯವನ್ನು ಹಾಗೆ ಬಳಸಬೇಡಿ. ಐಎಫ್‌ಪಿಐ ಸಂಕೇತ ಶುರುವಾದದ್ದೇ 1994ರಲ್ಲಿ, ಎಲ್ಲ ಕಾರ್ಖಾನೆಗಳೂ ಒಂದೇ ದಿನ ಹಾಕಲಾರಂಭಿಸಲಿಲ್ಲ. ಆ ಆಲ್ಬಂ ಕೂಡ 1994ರದ್ದೇ. ಸಂಕೇತ ಇಲ್ಲ ಎಂದ ಮಾತ್ರಕ್ಕೆ ಅಸಲಿ ಪ್ರತಿಯನ್ನು ಕಸಕ್ಕೆ ಹಾಕಿದವರಿದ್ದಾರೆ. ಡಾಬು, ಉಂಗುರ, ಪುಸ್ತಿಕೆಯ ಅಚ್ಚು, ಬಾರ್‌ಕೋಡ್ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಜಪಾನಿನ ಬಾರ್‌ಕೋಡ್ 45 ಅಥವಾ 49ರಿಂದ ಶುರುವಾಗುತ್ತದೆ.

ಮಂಗಳೂರು_ಮಳೆ · 6:41

ಪುಸ್ತಿಕೆಯಲ್ಲಿ ಸಂಯೋಜಕ ಉಎಮಾತ್ಸು ಅವರ ಹೆಸರೇ ತಪ್ಪಾಗಿ ಅಚ್ಚಾಗಿದೆ ಮಾರಾಯರೇ.

ಟೋಕಿಯೊ_ಕನ್ನಡಿಗ · 6:42

ಹಾಗಾದರೆ ಸಂತಾಪಗಳು.

ಗ್ರಂಥಪಾಲಕಿ · 6:55

ನಕಲಿಯನ್ನೂ ಪಟ್ಟಿಯಲ್ಲಿ ಸೇರಿಸಿ, ನಕಲಿ ಎಂದು ಬರೆದು. ಮುಂದೆ ಯಾರೋ ಅದೇ ಸಂಖ್ಯೆಯ ಪ್ರತಿಯನ್ನು ಹಿಡಿದು ಬಂದಾಗ ಹೋಲಿಸಿ ನೋಡಲು ಬೇಕಾಗುತ್ತದೆ.

ವೀಣೆಶೇಷ · 7:20

ಅದೇ ಫೈನಲ್ ಫ್ಯಾಂಟಸಿ 6ಕ್ಕೆ ಅಮೆರಿಕದಲ್ಲಿ 1994ರಲ್ಲಿ ‘ಕೆಫ್ಕಾಸ್ ಡೊಮೈನ್’ ಎಂಬ ಹೆಸರಿನ ಆಲ್ಬಂ ಬಂತು. ಅದು ನಕಲಿಯಲ್ಲ, ಅಧಿಕೃತ. ಅದೇ ಸಂಗೀತ, ಹೆಸರು ಪೂರ್ತಿ ಬೇರೆ, ಟ್ರ್ಯಾಕುಗಳ ಶೀರ್ಷಿಕೆಗಳೂ ಬೇರೆ. ಹೆಸರು ನೋಡಿ ವಿಂಗಡಿಸುವವರು ಇದನ್ನು ‘ಕೆ’ ಅಕ್ಷರದ ಕೆಳಗೆ ಕಳೆದುಹಾಕುತ್ತಾರೆ. ನಿಮ್ಮ ಕ್ರೋನೊ ಟ್ರಿಗರ್‌ನದು ಇದರ ತಿರುಗುಮುರುಗು. ಒಂದೇ ಹೆಸರಿನಲ್ಲಿ 1999 ಮತ್ತು 2009ರ ಎರಡು ಬೇರೆ ಆಲ್ಬಂ. ಮೊದಲನೆಯದರಲ್ಲಿ ಇರುವುದು ಪ್ಲೇಸ್ಟೇಷನ್ ಆವೃತ್ತಿಯ ಅನಿಮೇಷನ್ ದೃಶ್ಯಗಳಿಗೆ ಹೊಸದಾಗಿ ಹೊಂದಿಸಿದ ಸಂಗೀತ. ಡಬ್ಬಿಯ ಮೇಲಿನ ಹೆಸರನ್ನು ನಂಬಲೇಬೇಡಿ.

ಹಳೆಡಿಸ್ಕ್ · ರಾತ್ರಿ 9:48

ಎಲ್ಲರಿಗೂ ಧನ್ಯವಾದ. ಇಡೀ ಸಂಜೆ ಹಾಳೆಯನ್ನು ಬಿಚ್ಚಿ ಹೊಸದಾಗಿ ಹೊಲಿದೆ. ‘ಬಗೆ’ ಕಾಲಂ ತೆಗೆದುಹಾಕಿದೆ. ಅದರ ಜಾಗದಲ್ಲಿ ಧ್ವನಿಯ ಮೂಲ ಯಾವುದು, ಯಾವ ಯಂತ್ರ ಅಥವಾ ಯಾವ ವಾದ್ಯವೃಂದ, ಎಷ್ಟನೆಯ ಮುದ್ರಣ, ಹೇಗೆ ವಿತರಣೆಯಾಯಿತು, ಕೊನೆಗೆ ನನ್ನ ಪ್ರತಿಯ ಸ್ಥಿತಿ. 2009ರದ್ದಕ್ಕೆ ಪ್ರತ್ಯೇಕ ಸಾಲು ಕೊಟ್ಟು, 1995ರ ಸಾಲಿಗೆ ಕೊಂಡಿ ಹಾಕಿದ್ದೇನೆ. ಎಂಟುಬಿಟ್ ಮತ್ತು ಫೇಡ್‌ಔಟ್ ಇಬ್ಬರಿಗೂ ಸಮಾಧಾನವಾಗದಂತೆ ನೋಡಿಕೊಂಡಿದ್ದೇನೆ.

ಈಗ ಹೊಸ ಸುದ್ದಿ. ‘ಪ್ರತಿಯ ಸ್ಥಿತಿ’ ತುಂಬಲೆಂದು 1995ರ ಡಬ್ಬಿಯನ್ನು ಕೈಗೆತ್ತಿಕೊಂಡು ಡಾಬು ಓದಿದೆ. ಅದರ ಮೇಲೆ ಎನ್‌ಟಿಸಿಪಿ-5021 ಎಂದಿದೆ. 2004ರ ಡಬ್ಬಿ ತೆಗೆದು ನೋಡಿದರೆ ಅದರ ಸೊಂಟದಲ್ಲಿ ಪಿಎಸ್‌ಸಿಎನ್. ಧೂಳು ಒರೆಸುವಾಗ ಯಾರೋ ಅದಲುಬದಲು ಮಾಡಿದ್ದಾರೆ. ‘ಯಾರೋ’ ಎಂದರೆ ನಾನೇ. ಎಷ್ಟು ವರ್ಷದಿಂದ ಹೀಗಿತ್ತೋ!

ಗ್ರಂಥಪಾಲಕಿ · 9:57

ಡಿಸ್ಕುಗಳನ್ನೂ ಒಮ್ಮೆ ನೋಡಿಬಿಡಿ.

ಹಳೆಡಿಸ್ಕ್ · 10:06

ನೋಡಿದೆ. ಎರಡನೆಯ ಡಿಸ್ಕ್ ಕೂಡ ಬದಲಾಗಿದೆ.

ಸುಮ್ಮನೆ_ಕೇಳುವವ · 10:07

ಕೇಳುವಾಗ ವ್ಯತ್ಯಾಸ ಗೊತ್ತಾಗಿತ್ತೇ?

ಹಳೆಡಿಸ್ಕ್ · 10:11

ಆ ಪ್ರಶ್ನೆಗೆ ಉತ್ತರಿಸುವುದಿಲ್ಲ. ನಾಳೆ ‘ಡಿ’ ಅಕ್ಷರಕ್ಕೆ ಹೋಗುತ್ತೇನೆ. ಡ್ರ್ಯಾಗನ್ ಕ್ವೆಸ್ಟ್‌ನದೇ 23 ಡಬ್ಬಿ ಇವೆ.

ನೀಲಿಕೇಬಲ್ · 10:12

ದಯವಿಟ್ಟು ಹೊಸ ಎಳೆ ತೆರೆಯಿರಿ.